ಕುದುರೆ ಬೆನ್ನಿನ ಹೊಟ್ಟು ಹೋದದ್ದು ಹೀಗೆ

ಸಕಲೇಶಪುರದ ಹತ್ತಿರ ನಮ್ಮ ತೋಟದಲ್ಲಿ ಒಂದು ಹೆಣ್ಣು ಕುದುರೆ ಇದೆ. ಮಳೆಗಾಲ ಮುಗಿದ ಮೇಲೆ, ಜೀನು ಕೂರುವ ಜಾಗದಲ್ಲಿ ಬಿಳಿ ಹೊಟ್ಟು ಏಳತೊಡಗಿತು. ಕಂಬಕ್ಕೆ ಮೈ ಉಜ್ಜಿ ಉಜ್ಜಿ ಕೂದಲೇ ಉದುರಿತ್ತು. ನೋಡಿ ಕರುಳು ಚುರ್ ಎಂದಿತು. ಪಶುವೈದ್ಯರು ನೋಡಿ, ಹುಳುಕಡ್ಡಿ ಅಲ್ಲ ಎಂದರು.

ತಪ್ಪು ನನ್ನದೇ. ವಾರಕ್ಕೆ ಎರಡು ಸಲ ಬಟ್ಟೆ ಸೋಪಿನಲ್ಲಿ ತೊಳೆಯುತ್ತಿದ್ದೆ. ಸೋಪು ಅಂದ್ರೆ ಎಣ್ಣೆಯನ್ನೋ ಕೊಬ್ಬನ್ನೋ ಕಾಸ್ಟಿಕ್ ಸೋಡಾ ಜೊತೆ ಸೇರಿಸಿ ಮಾಡುವುದು. ಪಿಎಚ್ (ಆಮ್ಲ-ಕ್ಷಾರದ ಅಳತೆ) ಸುಮಾರು 9ರಿಂದ 10, ಅಂದ್ರೆ ಕ್ಷಾರ. ಬಟ್ಟೆ ಸೋಪಿಗೆ ವಾಷಿಂಗ್ ಸೋಡಾ ಬೇರೆ ಹಾಕುತ್ತಾರೆ. ಕೊಳೆಯ ಜೊತೆ ಚರ್ಮದ ಎಣ್ಣೆಯೂ ಹೋಗುತ್ತದೆ. ಆಮೇಲೆ ಹೊಟ್ಟು ಏಳದೆ ಇರುತ್ತಾ?

ಸೋಪು ನಿಲ್ಲಿಸಿದೆ. ಬರೀ ಬೆವರಿಗೆ ನೀರೇ ಸಾಕು. ಕುದುರೆಯ ಬೆವರಲ್ಲೇ ಸೋಪಿನ ಹಾಗೆ ನೊರೆ ಬರಿಸುವ ಲ್ಯಾಥರಿನ್ ಎಂಬ ಪ್ರೋಟೀನ್ ಇದೆ. ಜೀನಿನ ಪಟ್ಟಿ ಉಜ್ಜುವಲ್ಲಿ ಬಿಳಿ ನೊರೆ ಕಾಣುತ್ತದಲ್ವಾ, ಅದು ಇದರದ್ದೇ. ಕೆಸರು ಜಾಸ್ತಿ ಇದ್ದ ದಿನ ಮಾತ್ರ ಅಂಟುವಾಳ. ಒಂದು ಹಿಡಿ ಸಿಪ್ಪೆಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ, ಸೋಸಿ ಒಂದು ಬಕೆಟ್ ನೀರಿಗೆ ಬೆರೆಸುತ್ತೇನೆ. ಕಣ್ಣಿಗೆ ತಾಗಬಾರದು, ಸಿಕ್ಕಾಪಟ್ಟೆ ಉರಿಯುತ್ತದೆ. ನೊರೆ ಪೂರ್ತಿ ಹೋಗುವ ತನಕ ತೊಳೆದು, ಎಳೆಬಿಸಿಲಲ್ಲಿ ನಡೆಸಿ ಒಣಗಿಸುತ್ತೇನೆ.

ಮೂರು ವಾರಕ್ಕೆ ಹೊಟ್ಟು ನಿಂತಿತು. ಬೋಳಾದ ಜಾಗದಲ್ಲಿ ಈಗ ಸಣ್ಣ ಕಂದು ಕೂದಲು ಬರುತ್ತಿದೆ.