ಗೋವಾದಲ್ಲಿ ಕಡಲಾಮೆ ಕಾಯಬೇಕಾ? ಇಲ್ಲಿರುವ ಕನ್ನಡದವರಿಗೆ ಒಂದಿಷ್ಟು ಮಾತು

ಗೋವಾದಲ್ಲಿದ್ದೀರಿ, ಕನ್ನಡ ಬರುತ್ತದೆ, ಒಂದು ರಾತ್ರಿ ನಿದ್ದೆಗೆಟ್ಟರೆ ಮರುದಿನ ತಲೆ ಸಿಡಿಯುವುದಿಲ್ಲ. ಕಡಲಾಮೆ ಕಾಯಲು ಇಷ್ಟು ಸಾಕು. ಈಜು ಬರಬೇಕಿಲ್ಲ, ಜೀವಶಾಸ್ತ್ರ ಓದಿರಬೇಕಿಲ್ಲ. ನಾನು ಮಡಗಾಂವಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು, ನಾಲ್ಕು ಸೀಸನ್‌ನಿಂದ ಶನಿವಾರ ರಾತ್ರಿ ದಕ್ಷಿಣ ಗೋವಾದ ಕಾಣಕೋಣದ ಕಡೆ ಹೋಗುತ್ತಿದ್ದೇನೆ, ಅಷ್ಟೇ.

ಆಲಿವ್ ರಿಡ್ಲಿ ಎಂಬ ಜಾತಿಯ ಕಡಲಾಮೆಗಳು ಗೋವಾದಲ್ಲಿ ಮೊಟ್ಟೆ ಇಡುವ ಮುಖ್ಯ ತೀರಗಳು ನಾಲ್ಕು. ಉತ್ತರದಲ್ಲಿ ಮೊರ್ಜಿ ಮತ್ತು ಮಾಂದ್ರೆ, ದಕ್ಷಿಣದಲ್ಲಿ ಆಗೊಂದ ಮತ್ತು ಗಾಲ್ಜಿಬಾಗ. ಕಾರವಾರದವರಿಗೆ ಗಾಲ್ಜಿಬಾಗ ಹತ್ತಿರ, ಗಡಿ ದಾಟಿದ ಮೇಲೆ ಸ್ವಲ್ಪವೇ ದೂರ. ಆಮೆಗಳು ಹೆಚ್ಚಾಗಿ ಬರುವುದು ನವೆಂಬರ್‌ನಿಂದ ಮಾರ್ಚ್‌ವರೆಗೆ. ಒಡಿಶಾದ ಗಹಿರ್‌ಮಾಥಾದಲ್ಲಿ ಲಕ್ಷಗಟ್ಟಲೆ ಒಟ್ಟಿಗೆ ಬರುತ್ತವಲ್ಲ, ಇಲ್ಲಿ ಹಾಗಿಲ್ಲ, ಒಂದೊಂದೇ ಬರುತ್ತವೆ. ಎಷ್ಟೋ ರಾತ್ರಿ ಏನೂ ಕಾಣದೆ ಬರೀ ಸೊಳ್ಳೆ ಕಚ್ಚಿಸಿಕೊಂಡು ವಾಪಸ್ ಬಂದಿದ್ದೇನೆ. ಅದಕ್ಕೆ ತಯಾರಿರಿ.

ಸುಮ್ನೆ ಹೋಗಿ ಬೀಚಿನಲ್ಲಿ ಓಡಾಡಬೇಡಿ. ಮೊದಲು ಹಗಲು ಹೊತ್ತಿನಲ್ಲಿ ಅರಣ್ಯ ಇಲಾಖೆಯ ರೇಂಜ್ ಆಫೀಸಿಗೆ ಹೋಗಿ, ಹೆಸರು ಕೊಟ್ಟು, ಸಹಾಯ ಮಾಡಬೇಕೆಂದಿದ್ದೇನೆ ಅಂತ ಹೇಳಿ. ಕಡಲಾಮೆ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಅಂದರೆ ಹುಲಿಗೆ ಇರುವಷ್ಟೇ ರಕ್ಷಣೆ. ಮೊಟ್ಟೆ ಕದ್ದವರಿಗೆ ಕನಿಷ್ಠ 3 ವರ್ಷ ಜೈಲು, 7ರವರೆಗೂ ಹೋಗಬಹುದು. ನೀವು ಒಳ್ಳೆಯ ಮನಸ್ಸಿನಿಂದಲೇ ಗೂಡು ಕೆದಕಿದರೂ ಅದು ತಪ್ಪೇ. ತೀರದಲ್ಲಿ ರಾತ್ರಿ ಕಾಯುವವರು ಹೆಚ್ಚಾಗಿ ಅದೇ ಊರಿನವರು. ಅವರ ಹಿಂದೆ ನಡೆಯಿರಿ, ಅವರು ಕೂರು ಅಂದಲ್ಲಿ ಕೂರಿ. ಕೊಂಕಣಿಯಲ್ಲಿ ಆಮೆಗೆ ಕಾಸವ್ ಅನ್ನುತ್ತಾರೆ, ಈ ಒಂದು ಪದ ಗೊತ್ತಿದ್ದರೆ ಅರ್ಧ ಸ್ನೇಹ ಆಯಿತು.

ಗಾಢ ಬಣ್ಣದ ಬಟ್ಟೆ ಹಾಕಿಕೊಳ್ಳಿ. ಟಾರ್ಚ್ ಬೇಕೇ ಬೇಕು ಅಂದರೆ ಗಾಜಿಗೆ ಕೆಂಪು ಪ್ಲಾಸ್ಟಿಕ್ ಹಾಳೆ ಎರಡು ಪದರ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ತಿಂಡಿ ತಂದರೆ ಒಂದು ಕಾಳೂ ಮರಳಿಗೆ ಬೀಳಿಸಬೇಡಿ, ಆ ವಾಸನೆಗೆ ಬಂದ ನಾಯಿ ಆಮೇಲೆ ಗೂಡನ್ನೂ ಹುಡುಕುತ್ತದೆ. ಮೊಬೈಲ್ ಜೇಬಿನಲ್ಲೇ ಇರಲಿ.

ಮೊಬೈಲಿನ ಮಾತು ಅನುಭವದಿಂದ ಹೇಳುತ್ತಿದ್ದೇನೆ. ಮೊದಲ ವರ್ಷ ನೀರಿನ ಅಂಚಿನಿಂದ ಒಂದು ಕಪ್ಪು ಕಲ್ಲು ಮೆಲ್ಲಗೆ ಮೇಲೆ ಬಂದ ಹಾಗೆ ಕಂಡಿತು. ನಾಲ್ಕು ಹೆಜ್ಜೆ ಎಳೆದುಕೊಂಡು ಬರುವುದು, ನಿಲ್ಲುವುದು, ಉಸಿರು ಬಿಡುವುದು. ನಾನು ಟೈಮ್ ನೋಡೋಣ ಅಂತ ಫೋನ್ ತೆಗೆದೆ. ಸ್ಕ್ರೀನ್ ಬೆಳಗಿದ್ದು ಎರಡು ಸೆಕೆಂಡು ಇರಬಹುದು. ಅದು ಅಲ್ಲೇ ತಿರುಗಿ ನೀರಿಗೆ ಇಳಿಯಿತು. ಪಕ್ಕದಲ್ಲಿದ್ದ ಕಾವಲಿನವರು ಬೈಯಲಿಲ್ಲ, "ಗೆಲೆಂ" (ಹೋಯಿತು) ಅಂದು ಬೀಡಿ ಹುಡುಕಿದರು. ಬೈದಿದ್ದರೇ ಚೆನ್ನಾಗಿತ್ತು.

ಮೊಟ್ಟೆ ಇಡಲು ಶುರುವಾದ ಮೇಲೆ ಅದು ಅಷ್ಟು ಬೇಗ ಬೆದರುವುದಿಲ್ಲ, ಆದರೂ ಮುಖದ ಎದುರು ಹೋಗಬೇಡಿ. ಹಿಂಗಾಲಿನಲ್ಲಿ ಹೂಜಿಯ ಆಕಾರದ ಗುಂಡಿ ತೋಡಿ, ಪಿಂಗ್‌ಪಾಂಗ್ ಚೆಂಡಿನಂಥ ನೂರರಷ್ಟು ಮೊಟ್ಟೆ ಇಟ್ಟು, ಮರಳು ಮುಚ್ಚಿ, ಮೈಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕಿ ಧಪ್ ಧಪ್ ಅಂತ ನೆಲ ಗಟ್ಟಿ ಮಾಡುತ್ತದೆ. ಕಣ್ಣಲ್ಲಿ ನೀರು ಬರುವುದನ್ನು ಕಂಡು ಅಳುತ್ತಿದೆ ಅನ್ನುವವರಿದ್ದಾರೆ. ಅದು ಮೈಯಲ್ಲಿನ ಜಾಸ್ತಿ ಉಪ್ಪನ್ನು ಹೊರಹಾಕುವ ದಾರಿ. ಮೊಟ್ಟೆಯನ್ನು ಹ್ಯಾಚರಿಗೆ, ಅಂದರೆ ಮರಿಯಾಗುವವರೆಗೆ ಕಾಯುವ ಜಾಗಕ್ಕೆ, ಸಾಗಿಸುವುದಿದ್ದರೆ ಇಲಾಖೆಯವರು ಸಾಗಿಸುತ್ತಾರೆ. ನೀವು ಮುಟ್ಟಬೇಡಿ, ಕೆಲವು ಗಂಟೆ ಕಳೆದ ಮೊಟ್ಟೆ ಉರುಳಿದರೆ ಒಳಗಿನ ಜೀವ ಸಾಯುತ್ತದೆ.

ಇಷ್ಟೇನಾ ಕೆಲಸ ಅಂದುಕೊಂಡರೆ, ಅಲ್ಲ. ನಮ್ಮಂಥವರು ನಿಜವಾಗಿ ಬೇಕಾಗುವುದು ಜನರ ಜೊತೆ ಮಾತಾಡಲು. ವೀಕೆಂಡ್ ಬಂತೆಂದರೆ ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಿನ ಗಾಡಿಗಳು ಸಾಲುಗಟ್ಟುತ್ತವೆ. ಶ್ಯಾಕ್‌ಗಳ (ಬೀಚಿನ ಮೇಲಿನ ಹೋಟೆಲುಗಳ) ಅಡುಗೆಮನೆಯಲ್ಲಿ, ಕಟ್ಟಡದ ಕೆಲಸದಲ್ಲಿ ನಮ್ಮ ಉತ್ತರ ಕರ್ನಾಟಕದವರು ಎಷ್ಟೋ ಮಂದಿ. ಇಂಗ್ಲಿಷ್, ಕೊಂಕಣಿ ಬೋರ್ಡ್ ಯಾರೂ ಓದುವುದಿಲ್ಲ, ತಮ್ಮ ಭಾಷೆಯಲ್ಲಿ ಕರೆದರೆ ತಿರುಗಿ ನೋಡುತ್ತಾರೆ.

ಹೋದ ಕೂಡಲೇ ಕಾನೂನು ಎತ್ತಬೇಡಿ, ಜಗಳ ಆಗುತ್ತದೆ. ಆಗೊಂದದಲ್ಲಿ ಒಂದು ಕುಟುಂಬ ಮಕ್ಕಳಿಗೆ ಏಡಿ ತೋರಿಸಲು ದೊಡ್ಡ ಟಾರ್ಚ್ ಹಿಡಿದಿತ್ತು. "ಅಣ್ಣಾ, ಸ್ವಲ್ಪ ಲೈಟ್ ಆರಸ್ರೀ" ಅಂದೆ. "ಯಾಕ್ರೀ, ನಿಮ್ ಜಾಗಾನ ಏನ್ ಇದು?" ಅಂದರು. "ಇದು ಬಾಣಂತಿ ಕ್ವಾಣಿ ರೀ, ಆಮಿ ಹಡಿಯಾಕ ಬರ್ತಾವ. ಬಾಣಂತಿ ಕ್ವಾಣಿಯೊಳಗ ಬ್ಯಾಟ್ರಿ ಬಿಡ್ತೀರೇನು?" ಅಣ್ಣ ಸುಮ್ಮನಾದರು, ಅವರ ಅಮ್ಮನೇ ಟಾರ್ಚ್ ಕಿತ್ತುಕೊಂಡು ಆರಿಸಿದರು. ಅವತ್ತಿನಿಂದ ಬಾಣಂತಿ ಕೋಣೆಯ ಮಾತು ಬಿಟ್ಟಿಲ್ಲ.

ಶ್ಯಾಕ್‌ನವರ ಹತ್ತಿರ ಎರಡೇ ಕೇಳಿ: ಸಮುದ್ರದ ಕಡೆಗಿನ ದೀಪ ಆರಿಸುವುದು ಅಥವಾ ಕೆಳಮುಖ ಮಾಡುವುದು, ರಾತ್ರಿ ಕುರ್ಚಿ ಮಂಚ ಒಳಗೆ ಎಳೆದುಕೊಳ್ಳುವುದು. ಹೋಗುವ ಹೊತ್ತು ಮಧ್ಯಾಹ್ನ ಮೂರು, ಊಟದ ಗಡಿಬಿಡಿಯಲ್ಲಿ ಹೋದರೆ ಯಾರೂ ಕೇಳುವುದಿಲ್ಲ.

ಮಕ್ಕಳಿಗೆ ಹೇಳುವುದು ಇನ್ನೂ ಸುಲಭ. ಸೀಸನ್ ಶುರುವಾಗುವುದು ರಾಜ್ಯೋತ್ಸವದ ತಿಂಗಳಲ್ಲೇ ಅಲ್ವಾ, ನಿಮ್ಮ ಊರಿನ ಕನ್ನಡ ಸಂಘದವರ ಹತ್ತಿರ ಹತ್ತು ನಿಮಿಷ ಕೇಳಿ. (ಸನ್ಮಾನಗಳ ಮುಂಚೆಯೇ ಕೇಳಿ, ಆಮೇಲೆ ಎಲ್ಲರ ಕಣ್ಣು ಊಟದ ಹಾಲ್ ಕಡೆ.) ರೂಮಿನ ದೀಪ ಆರಿಸಿ, ಒಂದು ಮೂಲೆಯಲ್ಲಿ ಮಂಕು ದೀಪ ಇಟ್ಟು ಅದೇ ಸಮುದ್ರ ಅನ್ನಿ, ಮಕ್ಕಳು ಅಂಬೆಗಾಲಿಟ್ಟು ಅದರ ಕಡೆ ಹೋಗಲಿ. ಅರ್ಧ ದಾರಿಯಲ್ಲಿ ಎದುರು ಮೂಲೆಯಲ್ಲಿ ಜೋರು ಟಾರ್ಚ್ ಹಾಕಿ. ಎಲ್ಲ ಅತ್ತ ತಿರುಗುತ್ತವೆ. ಮರಿಗಳು ರಸ್ತೆ ಕಡೆ ಹೋಗಿ ಸಾಯುವುದು ಹೀಗೇ ಅಂದರೆ ಸಾಕು, ಬೇರೆ ಭಾಷಣ ಬೇಡ.

ಸುಮಾರು 45ರಿಂದ 60 ದಿನಕ್ಕೆ ಮರಿ ಹೊರಬರುತ್ತವೆ. ಎತ್ತಿ ನೀರಿಗೆ ಹಾಕುವ ಆಸೆ ಎಲ್ಲರಿಗೂ ಇರುತ್ತದೆ, ಹಾಗೆ ಮಾಡಬೇಡಿ, ಅವೇ ನಡೆಯಲಿ. ನೀವು ಕಾಗೆ ನಾಯಿ ಓಡಿಸಿದರೆ ಸಾಕು. ಗೂಡಿನ ಜಾಗ ವಾಟ್ಸಾಪ್‌ನಲ್ಲಿ ಹಾಕಬೇಡಿ, ಮರುದಿನವೇ ಜಾತ್ರೆ. ಗಾಯಗೊಂಡ ದೊಡ್ಡ ಆಮೆ ದಡಕ್ಕೆ ಬಂದಿದ್ದರೆ ಮಾತ್ರ ನೀರಿಗೆ ತಳ್ಳಬೇಡಿ. ನೆರಳು ಮಾಡಿ, ಮೂಗು ಬಿಟ್ಟು ಚಿಪ್ಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಇಲಾಖೆಯವರಿಗೆ ಫೋನ್ ಮಾಡಿ.

ಕೊಪ್ಪಳದ ಕಡೆಯ ಒಬ್ಬ ಅಡುಗೆಯ ಹುಡುಗ ಮೊದಲ ವರ್ಷ ನನ್ನನ್ನು ಕಂಡರೆ ನಗುತ್ತಿದ್ದ. ಈಗ ದೀಪ ತಾನೇ ಆರಿಸುತ್ತಾನೆ. ಕಳೆದ ಫೆಬ್ರವರಿಯ ಒಂದು ಬುಧವಾರ ರಾತ್ರಿ ಎರಡೂವರೆಗೆ ಅವನ ಫೋನ್: "ಸರ್, ಈಗ ಬಂದು ಹೋತ್ರಿ. ನೀವs ಇರಲಿಲ್ಲ."