ಎಡವಟ್ಟು ಇದ್ದದ್ದು ಮೇಲಿನ ಸಾಲಿನಲ್ಲಿ

ತಾಲೂಕುವಾರು ಮಳೆ ಲೆಕ್ಕವನ್ನು ನಕ್ಷೆಯಲ್ಲಿ ತೋರಿಸಬೇಕಿತ್ತು. ಅಂಕಿಅಂಶಗಳಿಗೆ ಬಳಸುವ ಆರ್ (R) ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದಕ್ಕೆ ಎಸ್‌ಎಫ್ (sf) ಅನ್ನೋ ಪ್ಯಾಕೇಜ್, ಅಂದರೆ ಸಿದ್ಧ ಕೋಡಿನ ಕಟ್ಟು, ಇದೆ. ವಿಂಡೋಸ್‌ನಲ್ಲಿದ್ದಾಗ ಒಂದು ಕಮಾಂಡ್ ಕೊಟ್ಟರೆ ತೆಪ್ಪಗೆ ಬಂದು ಕೂರುತ್ತಿತ್ತು. ಈ ಸಲ ಉಬುಂಟು ಅನ್ನೋ ಲಿನಕ್ಸ್. ಸ್ಕ್ರೀನ್ ತುಂಬ ಸಾಲುಗಳು ಓಡಿದವು. ಚಹಾ ಕುಡಿದು ಬಂದು ನೋಡಿದರೆ ಕೊನೆಯಲ್ಲಿ ‘ನಾನ್-ಜೀರೋ ಎಕ್ಸಿಟ್ ಸ್ಟೇಟಸ್’.

ಅದನ್ನೇ ಗೂಗಲ್‌ನಲ್ಲಿ ಹುಡುಕಿ ಒಂದು ಸಂಜೆ ಹಾಳು ಮಾಡಿಕೊಂಡೆ. ಆ ಸಾಲು ಕೆಲಸ ಕೆಟ್ಟಿತು ಅನ್ನುತ್ತದೆ ಅಷ್ಟೇ, ಯಾಕೆ ಅಂತ ಹೇಳುವುದಿಲ್ಲ. ಮರುದಿನ ಮೇಲಕ್ಕೆ ಸ್ಕ್ರಾಲ್ ಮಾಡುತ್ತಾ ಹೋದೆ. ಮೊದಲ ಎರರ್ ಎಸ್‌ಎಫ್‌ನದ್ದೇ ಅಲ್ಲ! ಅದಕ್ಕೆ ಬೇಕಾದ ಯೂನಿಟ್ಸ್ ಪ್ಯಾಕೇಜಿನದು. ಯೂನಿಟ್ಸ್‌ಗೆ ಬೇಕಾದ ಯುಡಿಯೂನಿಟ್ಸ್2 ನನ್ನ ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ. ಅದು ಆರ್‌ನ ಪ್ಯಾಕೇಜ್ ಅಲ್ಲ, ಉಬುಂಟು ಸಿಸ್ಟಮ್ಮಿನ ಲೈಬ್ರರಿ, ಆರ್ ಒಳಗೆ ಕೂತು ಎಷ್ಟು ಸಲ ಇನ್‌ಸ್ಟಾಲ್ ಅಂದರೂ ಬರುವುದಿಲ್ಲ. ಆರ್ ಪ್ಯಾಕೇಜುಗಳ ಭಂಡಾರವಾದ ಕ್ರ್ಯಾನ್ ವಿಂಡೋಸಿಗೆ ಕಂಪೈಲ್ ಮಾಡಿಯೇ, ಅಂದರೆ ಓಡಲು ಸಿದ್ಧ ಮಾಡಿಯೇ, ಕೊಡುತ್ತದೆ. ಉಬುಂಟುವಿಗೆ ಕೊಡುವುದು ಬರೀ ಸೋರ್ಸ್ ಕೋಡ್, ಉಳಿದ ಕೆಲಸ ನಮ್ಮದು.

ಟರ್ಮಿನಲ್‌ನಲ್ಲಿ ಉಬುಂಟುವಿನ ಇನ್‌ಸ್ಟಾಲ್ ಕಮಾಂಡ್ ಆಪ್ಟ್ ಬಳಸಿ ಯುಡಿಯೂನಿಟ್ಸ್, ಜೊತೆಗೆ ಎಸ್‌ಎಫ್‌ಗೆ ಬೇಕಾದ ಜಿಡಾಲ್, ಜಿಯೋಸ್, ಪ್ರೋಜ್ ಎಲ್ಲ ಹಾಕಿದೆ. ಹೆಸರಿನ ಕೊನೆಗೆ ‘ಡೆವ್’ ಇರುವುದನ್ನೇ ಹಾಕಬೇಕು, ಕಂಪೈಲ್ ಮಾಡಲು ಬೇಕಾದ ಹೆಡರ್ ಫೈಲ್ ಅದರಲ್ಲೇ ಇರುತ್ತದೆ. ನಾನು ಮೊದಲು ಜಿಡಾಲ್ ಅಂತ ಸುಮ್ನೆ ಹಾಕಿ, ಹೆಡರ್ ಫೈಲ್ ಇಲ್ಲದೆ ಮತ್ತೆ ಅಲ್ಲೇ ನಿಂತೆ. ಸಿಟ್ಟಿಗೆ ಕಂಟ್ರೋಲ್-ಸಿ ಒತ್ತಿದ್ದಕ್ಕೆ ಮುಂದಿನ ಇನ್‌ಸ್ಟಾಲ್ ತಡೆಯುವ ‘00ಲಾಕ್’ ಅನ್ನೋ ಫೋಲ್ಡರ್ ಬೇರೆ ಉಳಿದುಕೊಂಡಿತು. ಅದನ್ನು ಅಳಿಸಿದ ಮೇಲೆ ಎಸ್‌ಎಫ್ ಬಂತು.

ಇನ್ನು ಚಿತ್ರ ಬಿಡಿಸುವ ಜಿಜಿಪ್ಲಾಟ್2 ಪ್ಯಾಕೇಜ್ ಕರೆದು ನಕ್ಷೆ ಬಿಡಿಸುವುದೊಂದೇ ಬಾಕಿ ಅಲ್ವಾ? ಅಲ್ಲಿ ಬೇರೆ ತಕರಾರು. ‘ಆರ್‌ಲ್ಯಾಂಗ್ 1.0.6 ಲೋಡ್ ಆಗುತ್ತಿದೆ, 1.1.0 ಅಥವಾ ಅದಕ್ಕಿಂತ ಹೊಸದು ಬೇಕು’ ಎಂಬ ಅರ್ಥದ ಎರರ್. ಆರ್‌ಲ್ಯಾಂಗ್ ಅಂದರೆ ಜಿಜಿಪ್ಲಾಟ್2ಗೆ ಬೇಕಾದ ಇನ್ನೊಂದು ಪ್ಯಾಕೇಜ್. ಹೊಸದನ್ನು ಹಿಂದಿನ ದಿನವಷ್ಟೇ ಹಾಕಿದ್ದೆ! ಆಮೇಲೆ ನೆನಪಾಯ್ತು, ಹಾಕಿದ್ದು ಸುಡೋ (ಅಡ್ಮಿನ್ ಅಧಿಕಾರ) ಕೊಟ್ಟು ತೆರೆದ ಆರ್‌ನಲ್ಲಿ. ಆರ್ ಪ್ಯಾಕೇಜುಗಳನ್ನು ಯಾವ ಫೋಲ್ಡರುಗಳಲ್ಲಿ (ಲೈಬ್ರರಿಗಳಲ್ಲಿ) ಹುಡುಕುತ್ತದೆ ಅಂತ ತೋರಿಸುವ ಲಿಬ್‌ಪಾತ್ಸ್ ಕಮಾಂಡ್ ಕೊಟ್ಟು ನೋಡಿದೆ. ನನ್ನ ಹೋಮ್ ಫೋಲ್ಡರಿನ ಲೈಬ್ರರಿ ಮೊದಲು, ಸಿಸ್ಟಮ್ಮಿನದು ಆಮೇಲೆ. ಹಳೇ ಆರ್‌ಲ್ಯಾಂಗ್ ಹೋಮ್‌ನಲ್ಲಿ, ಹೊಸದು ಸಿಸ್ಟಮ್ಮಿನಲ್ಲಿ. ಆರ್ ಮೊದಲು ಸಿಕ್ಕಿದ್ದನ್ನೇ ಎತ್ತಿಕೊಳ್ಳುತ್ತದೆ. ಹೋಮ್‌ನ ಹಳೇದನ್ನು ತೆಗೆದು, ಸೆಷನ್ ರೀಸ್ಟಾರ್ಟ್ ಮಾಡಿದೆ. ರೀಸ್ಟಾರ್ಟ್ ಮರೆತರೆ ಮೆಮರಿಯಲ್ಲಿರುವ ಹಳೇದೇ ಕಾಡಬಹುದು. ಅಂದಿನಿಂದ ಆರ್ ತೆರೆಯಲು ಸುಡೋ ಬಳಸಿಲ್ಲ.

ನಕ್ಷೆ ಬಂದಾಗ ರಾತ್ರಿ ಹನ್ನೊಂದು. ಆಮೇಲೆ ಗೊತ್ತಾಗಿದ್ದು: ಉಬುಂಟುವಿನಲ್ಲೇ ಆರ್-ಕ್ರ್ಯಾನ್-ಎಸ್‌ಎಫ್ ಅಂತ ಸಿದ್ಧ ಪ್ಯಾಕೇಜ್ ಇದೆ, ಆಪ್ಟ್‌ನಿಂದ ನೇರ ಹಾಕಬಹುದು. ಆವೃತ್ತಿ ಸ್ವಲ್ಪ ಹಳೇದಿರುತ್ತದೆ. ನನ್ನ ಮಳೆ ನಕ್ಷೆಗೆ ಅದೇ ಜಾಸ್ತಿಯಾಗುತ್ತಿತ್ತು.