ಎರಡು ಕೋಶ ಮೊದಲು ಮೂರಾಗುತ್ತದೆ: ಹುಳದ ಭ್ರೂಣ ನೋಡಿದ ನನ್ನ ಅನುಭವ

ಒಂದು ಕೋಶ ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ ಎಂದು ನಾವೆಲ್ಲ ಓದಿದ್ದೇವೆ ಅಲ್ವಾ? ಸಿ. ಎಲಿಗನ್ಸ್ ಎಂಬ ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ ಎರಡು ಕೋಶ ಮೊದಲು ಮೂರಾಗುತ್ತದೆ. ನಾಲ್ಕಾಗುವುದು ಆಮೇಲೆ.

ಹುಳ ಹೊರಗಿಟ್ಟ ಮೊಟ್ಟೆಯಲ್ಲಿ ಆಗಲೇ ಸುಮಾರು 30 ಕೋಶ ಇರುತ್ತವೆ. ಹಾಗಾಗಿ ಮೊಟ್ಟೆ ತುಂಬಿಕೊಂಡ ಹುಳವನ್ನು ಬಫರ್ (ಲವಣದ ದ್ರಾವಣ) ಹನಿಯಲ್ಲಿ ಬಿಟ್ಟು, ಸಿರಿಂಜ್ ಸೂಜಿಯಿಂದ ನಡುವೆ ಕತ್ತರಿಸುತ್ತೇನೆ. ಹೊರಬಂದ ಎಳೆಯ ಮೊಟ್ಟೆಗಳನ್ನು ಕಡ್ಡಿಗೆ ಅಂಟಿಸಿದ ಕಣ್ರೆಪ್ಪೆಯ ಕೂದಲಿನಿಂದ ತಳ್ಳಿ ಅಗರೋಸ್ ಎಂಬ ಜೆಲ್‌ನ ಪ್ಯಾಡ್ ಮೇಲೆ ತರುತ್ತೇನೆ. ಕವರ್‌ಸ್ಲಿಪ್ ಮುಚ್ಚಿ ಅಂಚಿಗೆ ವ್ಯಾಸಲಿನ್ ಹಚ್ಚಿದರೆ ಒಣಗುವುದಿಲ್ಲ. ಮೊಟ್ಟೆ ಪಾರದರ್ಶಕ, ಸೂಕ್ಷ್ಮದರ್ಶಕದಲ್ಲಿ ನೋಡಲು ಬಣ್ಣ ಹಾಕಬೇಕಾಗಿಲ್ಲ.

ತಾಯಿಯ ಮತ್ತು ತಂದೆಯ ಕೋಶಕೇಂದ್ರಗಳು ಹಿಂಭಾಗದಲ್ಲಿ ಸೇರಿ, ಜೊತೆಯಾಗಿ ನಡುವಿಗೆ ಬಂದು, ತಿರುಗಿ ನಿಲ್ಲುತ್ತವೆ. ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ. ಆಮೇಲೆ ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ಸ್ಪಿಂಡಲ್ ಹಿಂದಕ್ಕೆ ಸರಿಯುತ್ತದೆ. ಅದರಿಂದ ಮುಂಭಾಗದ ಕೋಶ ಎಬಿ ದೊಡ್ಡದು, ಹಿಂಭಾಗದ ಕೋಶ ಪಿ1 ಚಿಕ್ಕದು. ಎಬಿ ಅಡ್ಡಕ್ಕೆ ಸ್ಪಿಂಡಲ್ ಇಟ್ಟುಕೊಂಡು ಮೊದಲು ಒಡೆಯುತ್ತದೆ. ಪಿ1 ಸುಮಾರು ಎರಡು ನಿಮಿಷ ತಡವಾಗಿ, ಉದ್ದಕ್ಕೆ ಒಡೆಯುತ್ತದೆ. ನಡುವಿನ ಆ ಸ್ವಲ್ಪ ಹೊತ್ತು ಮೂರು ಕೋಶ.

ತಡ ಯಾಕೆ? ಗಾತ್ರ ಒಂದೇ ಕಾರಣ ಅಲ್ಲ. ವಿಭಜನೆಯನ್ನು ಮುಂದೂಡುವ, ಕೋಶದೊಳಗಿನ ತಪಾಸಣೆ ವ್ಯವಸ್ಥೆ ಪಿ1ರಲ್ಲಿ ಜಾಸ್ತಿ. ವಿಭಜನೆಗೆ ಚಾಲನೆ ಕೊಡುವ ಪಿಎಲ್‌ಕೆ-1 ಪ್ರೋಟೀನ್ ಎಬಿಯಲ್ಲಿ ಜಾಸ್ತಿ. ಈ ಹಂಚಿಕೆಯ ಹಿಂದೆ, ಕೋಶದ ಹಿಂದು-ಮುಂದನ್ನು ಗುರುತಿಸುವ ಪಾರ್ ಪ್ರೋಟೀನ್‌ಗಳಿವೆ. ಇವುಗಳ ಜೀನ್‌ಗಳನ್ನು ವಿಜ್ಞಾನಿ ಕೆಂಫ್ಯೂಸ್ ಮತ್ತು ಜೊತೆಗಾರರು 1988ರಲ್ಲಿ ವರದಿ ಮಾಡಿದರು. ಪಾರ್-3 ಇಲ್ಲದ ಭ್ರೂಣದಲ್ಲಿ ಎರಡೂ ಕೋಶ ಹೆಚ್ಚುಕಡಿಮೆ ಸಮ. ಒಡೆಯುವುದೂ ಒಟ್ಟಿಗೇ, ಎರಡೂ ಉದ್ದಕ್ಕೇ. ಸಹಜ ಭ್ರೂಣದ ಪಕ್ಕದಲ್ಲಿ ಇದನ್ನು ಇಟ್ಟು ನೋಡಿದರೆ ವಿಷಯ ಥಟ್ಟನೆ ಅರ್ಥವಾಗುತ್ತದೆ.

ಪಿ1ರಿಂದ ಒಂದರ ನಂತರ ಒಂದಾಗಿ ಹುಟ್ಟುವ ಪಿ2, ಪಿ3, ಪಿ4 ಕೋಶಗಳನ್ನು ಕೊನೆಯವರೆಗೆ ಹಿಂಬಾಲಿಸಿ. ಪಿ4 ಒಂದೇ ಸಲ ಒಡೆದು ಎರಡಾಗುತ್ತದೆ. ಆ ಎರಡು ಕೋಶಗಳು ಮರಿ ಮೊಟ್ಟೆಯಿಂದ ಹೊರಬರುವವರೆಗೂ ಮತ್ತೆ ಒಡೆಯುವುದಿಲ್ಲ. ಅಷ್ಟರಲ್ಲಿ ಮರಿಯ ಮೈಯಲ್ಲಿ ಒಟ್ಟು 558 ಕೋಶ ಇರುತ್ತವೆ. ಮುಂದೆ ಹುಳದ ಅಂಡ, ವೀರ್ಯಾಣು ಎಲ್ಲ ಹುಟ್ಟುವುದು ಆ ಎರಡರಿಂದಲೇ.

ನೀವು ಮಾಡುವುದಾದರೆ ಕೋಣೆಯ ಉಷ್ಣತೆ ಬರೆದಿಟ್ಟುಕೊಳ್ಳಿ. ಸೆಕೆ ಹೆಚ್ಚಿದರೆ ವಿಭಜನೆಯ ವೇಗವೂ ಹೆಚ್ಚುತ್ತದೆ. ಬೇರೆ ಬೇರೆ ದಿನದ ನಿಮಿಷಗಳನ್ನು ಸುಮ್ನೆ ಹೋಲಿಸಬೇಡಿ. ಒಂದೇ ಭ್ರೂಣದೊಳಗೆ ಎಬಿಗೂ ಪಿ1ಕ್ಕೂ ಇರುವ ಅಂತರ ನೋಡಿ.